ಕಳವಾದ ಗಿಡದ ಹೆಸರು

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಹಲ್ಲಿನ ಡಾಕ್ಟರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಮೈಮೇಲಿನ ಬಿಳಿ ಕೋಟು ಬಿಚ್ಚಿರಲಿಲ್ಲ, ಕೈಯಲ್ಲಿ ಒಂದು ಭೂತಗನ್ನಡಿ. ಅವರನ್ನು ಕಂಡ ಕೂಡಲೇ ಹೆಡ್ ಕಾನ್ಸ್‌ಟೇಬಲ್‌ನ ಕೈ ತಾನಾಗಿ ಬಲಗೆನ್ನೆಗೆ ಹೋಯಿತು. ಹೋದ ತಿಂಗಳಷ್ಟೇ ಡಾಕ್ಟರು ಅಲ್ಲಿಂದ ಒಂದು ದವಡೆ ಹಲ್ಲು ಕಿತ್ತಿದ್ದರು.

"ಕಳವಾಗಿದೆ" ಎಂದರು ಡಾಕ್ಟರು.

"ಏನು?" ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು.

"ಒಂದು ಅಂಚೆ ಚೀಟಿ. ಚೀಟಿ ಕೂಡಿಸೋರ ನಮ್ಮ ಸಂಘದ ಕೋಣೆಯಲ್ಲಿ, ಪ್ರದರ್ಶನಕ್ಕೆ ಅಂತ ಫ್ರೇಮ್ ಹಾಕಿಸಿದ್ದೆ. ಗಾಜಿನ ಒಳಗಿಂದ ಹೋಗಿದೆ."

"ಈಗ ಆ ಜಾಗ ಖಾಲಿ ಇದೆಯಾ?"

"ಇಲ್ಲ. ಅಲ್ಲೊಂದು ಚೀಟಿ ಇದೆ."

"ಯಾವ ಚೀಟಿ?"

"ಅದೇ ಚೀಟಿ. ಆದ್ರೆ ನನ್ನದಲ್ಲ."

ಹೆಡ್ ಕಾನ್ಸ್‌ಟೇಬಲ್ ಪೆನ್ನಿನ ಮುಚ್ಚಳ ತೆಗೆದವನು ಮತ್ತೆ ಹಾಕಿದ. ಇನ್ಸ್‌ಪೆಕ್ಟರ್ ಮಾತ್ರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅವರಿಗೆ ಸಣ್ಣ ಕೇಸೆಂದರೆ ಇಷ್ಟ. ದೊಡ್ಡ ಕೇಸಿನಲ್ಲಿ ಯಾರೋ ಸತ್ತಿರುತ್ತಾರೆ, ಮೇಲಿನವರು ಗಂಟೆಗೊಮ್ಮೆ ಫೋನ್ ಮಾಡುತ್ತಾರೆ, ಊಟ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ಸಣ್ಣ ಕೇಸಿನಲ್ಲಿ ಮನುಷ್ಯರನ್ನು ಸಾವಕಾಶವಾಗಿ ನೋಡಬಹುದು. ಇಪ್ಪತ್ತಾರು ವರ್ಷದ ನೌಕರಿ ಅವರನ್ನು ಸಿಡುಕನನ್ನಾಗಿ ಮಾಡದೆ ಬಿಟ್ಟಿದ್ದಕ್ಕೆ ಈ ರುಚಿಯೇ ಕಾರಣ ಎಂದು ಅವರ ಹೆಂಡತಿ ಹೇಳುವುದುಂಟು.

ವಿವರ ಹೀಗಿತ್ತು. ಡಾಕ್ಟರು ಹಣ್ಣು ಮತ್ತು ಬೆಳೆಗಳ ಚಿತ್ರವಿರುವ ಹಳೆಯ ಅಂಚೆ ಚೀಟಿಗಳನ್ನಷ್ಟೇ ಕೂಡಿಸುವವರು. ಫ್ರೇಮಿನಲ್ಲಿ ಹದಿನಾರು ಚೀಟಿ. ಮೂರನೇ ಸಾಲಿನ ಎರಡನೆಯದು ಠಸ್ಸೆ ಬೀಳದ, ಬಳಸದ ಚೀಟಿಯಾಗಿತ್ತು. ಗುರುವಾರ ಸಂಜೆ ನಾಲ್ಕೂವರೆಗೆ ಅದನ್ನು ಕಣ್ಣಾರೆ ನೋಡಿ ಬಾಗಿಲು ಹಾಕಿದ್ದರು. ಶುಕ್ರವಾರ ಹತ್ತೂಮುಕ್ಕಾಲಿಗೆ ನೋಡಿದರೆ ಅದೇ ಚಿತ್ರದ, ಆದರೆ ಠಸ್ಸೆ ಬಿದ್ದ ಹಳೆ ಚೀಟಿ ಅಲ್ಲಿ ಕೂತಿತ್ತು.

"ಬೆಲೆ?"

"ಹೇಳಿಕೊಳ್ಳೋ ಹಾಗಿಲ್ಲ. ಪಕ್ಕದಲ್ಲಿರೋ ಅನಾನಸ್ ಚೀಟಿ ಇದರ ನೂರು ಪಟ್ಟು. ಅದನ್ನ ಮುಟ್ಟಿಲ್ಲ."

ಎಫ್‌ಐಆರ್‌ನಲ್ಲಿ ಕಳವಾದ ಮಾಲಿನ ವಿವರ ಬರೆಯುವ ಕಡೆ ಹೆಡ್ ಕಾನ್ಸ್‌ಟೇಬಲ್ ತಲೆ ಎತ್ತಿದ. "ಚಿತ್ರ ಏನು ಅಂತ ಬರೀಲಿ ಸಾರ್?"

"ಮರಗೆಣಸಿನ ಗಿಡ" ಎಂದರು ಡಾಕ್ಟರು, ಸ್ವಲ್ಪ ಜೋರಾಗಿಯೇ.

ಸ್ಥಳ ಪಂಚನಾಮೆ ಮಧ್ಯಾಹ್ನ ಹನ್ನೆರಡು ಇಪ್ಪತ್ತೈದಕ್ಕೆ ಶುರುವಾಯಿತು. ಸಂಘದ ಕೋಣೆ ಇದ್ದದ್ದು ಪುಸ್ತಕ ಬೈಂಡಿಂಗ್ ಅಂಗಡಿಯ ಮೇಲೆ. ಏಣಿಯಷ್ಟು ಕಡಿದಾದ ಮರದ ಮೆಟ್ಟಿಲು, ಗೋಂದಿನ ವಾಸನೆ, ಗೋಡೆಯುದ್ದಕ್ಕೂ ಫ್ರೇಮುಗಳು. ಬೈಂಡರ್ ಒಬ್ಬ ಪಂಚ, ಎದುರು ಅಂಗಡಿಯ ದರ್ಜಿ ಇನ್ನೊಬ್ಬ.

ಇನ್ಸ್‌ಪೆಕ್ಟರ್ ಫ್ರೇಮಿನ ಹಿಂದುಗಡೆಯ ನಾಲ್ಕು ತಿರುಪುಗಳನ್ನು ನೋಡಿದರು. ಒಂದರ ಮೇಲೂ ಗೀರಿಲ್ಲ. ಚೀಟಿಯನ್ನು ಹಾಳೆಗೆ ಹಿಡಿಸುವ ಗೋಂದಿನ ಪಟ್ಟಿಯನ್ನು ಒದ್ದೆ ಕುಂಚದಿಂದ ನೆನೆಸಿ ಎಬ್ಬಿಸಲಾಗಿತ್ತು. ಹಾಳೆಯ ಒಂದು ಎಳೆಯೂ ಕಿತ್ತಿರಲಿಲ್ಲ. ಹೊಸದಾಗಿ ಕೂರಿಸಿದ ಚೀಟಿ ಅಕ್ಕಪಕ್ಕದವುಗಳ ಜೊತೆ ಗೆರೆ ಹೊಡೆದ ಹಾಗೆ ನೇರವಾಗಿತ್ತು. ಗಾಜಿನ ಮೇಲೆ ಡಾಕ್ಟರ ಬೆರಳಚ್ಚು ಬಿಟ್ಟರೆ ಬೇರೆಯದಿಲ್ಲ.

"ಕಳ್ಳ ಒಳ್ಳೆ ಕೆಲಸಗಾರ" ಎಂದರು ಇನ್ಸ್‌ಪೆಕ್ಟರ್. "ಬೀಗದ ಕೈ ಎಲ್ಲಿರುತ್ತೆ?"

"ನನ್ನ ಅಂಗಡೀಲಿ, ಬಾಗಿಲ ಹಿಂದಿನ ಮೊಳೆಗೆ" ಎಂದ ಬೈಂಡರ್.

"ನಿನ್ನೆ ನಾಲ್ಕೂವರೆ ಆದ್ಮೇಲೆ ಯಾರು ತಗೊಂಡ್ರು?"

"ಯಾರೂ ಇಲ್ಲ ಸಾರ್."

"ಇವತ್ತು ಬೆಳಿಗ್ಗೆ?"

"ಡಾಕ್ಟರು ಬರೋವರೆಗೂ ಮೊಳೆ ಮೇಲೇ ಇತ್ತು."

ಇನ್ಸ್‌ಪೆಕ್ಟರ್ ಅದನ್ನೇ ಇನ್ನೊಂದು ಸಲ ತಿರುಗಿಸಿ ಕೇಳಿದರು. "ನಿನ್ನೆ ಸಂಜೆ ಈ ಮೆಟ್ಟಿಲು ಹತ್ತಿದ್ದು ಯಾರು?"

"ಯಾರೂ ಇಲ್ಲ ಅಂದೆನಲ್ಲ ಸಾರ್. ಚಿಮಟಜ್ಜ ಬಂದಿದ್ರು ಅಷ್ಟೇ, ಐದು ಗಂಟೆಗೆ. ಫ್ರೇಮಿಗೆ ತೇವ ಹಿಡಿದಿದೆಯಾ ಅಂತ ನೋಡಿ ಹೋದ್ರು. ಅವರನ್ನೂ ಲೆಕ್ಕಕ್ಕೆ ಹಿಡೀತಾರಾ?"

ಚಿಮಟಜ್ಜನೆಂದರೆ ಸಂಘಕ್ಕೆಲ್ಲ ಬೇಕಾದವರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿ ನಿವೃತ್ತರಾದವರು, ವಯಸ್ಸು ಎಪ್ಪತ್ತೊಂಬತ್ತು. ಅಂಚೆ ಚೀಟಿಯನ್ನು ಬೆರಳಿಂದ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಅಂಗಿಯ ಜೇಬಿನಲ್ಲಿ ಸದಾ ಒಂದು ಚಿಮಟ. ಎಲ್ಲರ ಚೀಟಿಗಳನ್ನು ಹಾಳೆಗೆ ಹಿಡಿಸಿಕೊಡುವವರು ಅವರೇ. ಬೈಂಡರ್ ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಹೆಡ್ ಕಾನ್ಸ್‌ಟೇಬಲ್ ಪಂಚನಾಮೆಯಲ್ಲಿ 'ಮರಗೆಣಸಿನ ಗಿಡದ ಚಿತ್ರ' ಎಂದು ಬರೆದಿದ್ದ. ಬೈಂಡರ್ ಬಗ್ಗಿ ಓದಿ ತಲೆಯಾಡಿಸಿದ.

"ಇದಕ್ಕೆ ನಾನು ಸಹಿ ಹಾಕಲ್ಲ. ಅದು ಹರಳು ಗಿಡ."

"ಯಾರು ಹೇಳಿದ್ದು?"

"ಟೀಚರಮ್ಮನ ಕೈಪಿಡಿ ಹೇಳುತ್ತೆ. ಪುಟ ಅರವತ್ತೊಂದು." ಅವನು ಕೆಳಗೆ ಹೋಗಿ ಒಂದು ಪುಸ್ತಕ ತಂದ. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಟೀಚರಮ್ಮ, ಅಂಚೆ ಚೀಟಿಗಳ ಮೇಲಿನ ಹಣ್ಣು, ಬೆಳೆಗಳನ್ನೆಲ್ಲ ಗುರುತು ಹಿಡಿದು ಹೆಸರು ಕೊಟ್ಟು ಬರೆದ ಪುಸ್ತಕವದು. ನಾನೂರ ಹನ್ನೆರಡು ಚೀಟಿ, ಒಂದೊಂದಕ್ಕೂ ಚಿತ್ರ. ಮೂವತ್ತು ವರ್ಷದ ಹಿಂದೆ ಮೊದಲು ಅಚ್ಚಾಗಿತ್ತು. ಎರಡನೇ ಮುದ್ರಣ ಈಗ ಕೆಳಗೆ ಹೊಲಿಗೆಗೆ ಬಂದು ಕೂತಿತ್ತು, ಭಾನುವಾರ ಪ್ರದರ್ಶನದಲ್ಲಿ ಬಿಡುಗಡೆ.

"ಕೈಪಿಡಿ ತಪ್ಪು" ಎಂದರು ಡಾಕ್ಟರು.

"ಟೀಚರಮ್ಮ ತಪ್ಪು ಅಂತೀರಾ?" ಬೈಂಡರ್ ಮೂಗಿನ ಮೇಲೆ ಬೆರಳಿಟ್ಟ.

ದರ್ಜಿ ತನಗೆ ಎರಡೂ ಗಿಡ ಗೊತ್ತಿಲ್ಲವೆಂದೂ, ಬಟ್ಟೆಯ ಮೇಲೆ ಅಚ್ಚಾಗಿದ್ದರೆ ಹೇಳಬಹುದಿತ್ತೆಂದೂ ಹೇಳಿದ. ಕೊನೆಗೆ ಪಂಚನಾಮೆಯಲ್ಲಿ 'ಒಂದು ಗಿಡ' ಎಂದಷ್ಟೇ ಬರೆದು, ಒಂದು ನಲವತ್ತಕ್ಕೆ ಸಹಿ ಹಾಕಿಸಿಕೊಂಡು ಮುಗಿಸಬೇಕಾಯಿತು. ಇನ್ಸ್‌ಪೆಕ್ಟರ್‌ಗೆ ಅದು ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದ ಹಾಗಾಯಿತು. ಕಳವಾದದ್ದು ಏನೆಂದು ಹೇಳಲಾಗದಿದ್ದರೆ ಆರೋಪಿಯ ವಕೀಲ ಕೋರ್ಟಿನಲ್ಲಿ ನಗುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಈ ಎರಡು ಹೆಸರುಗಳ ನಡುವೆಯೇ ಕಳ್ಳ ಕೂತಿದ್ದಾನೆಂದು ಅವರಿಗೆ ಅನ್ನಿಸತೊಡಗಿತ್ತು.

ಮೂರು ಗಂಟೆಗೆ ಡಾಕ್ಟರ ಕ್ಲಿನಿಕ್ಕಿನಲ್ಲಿ ವಿಚಾರಣೆ. ಈ ಸಲ ಆ ಉದ್ದನೆಯ ಕುರ್ಚಿಯಲ್ಲಿ ಡಾಕ್ಟರೇ ಕೂತರು, ಇನ್ಸ್‌ಪೆಕ್ಟರ್ ಪಕ್ಕದ ಸ್ಟೂಲಿನಲ್ಲಿ. ಹೆಡ್ ಕಾನ್ಸ್‌ಟೇಬಲ್ ಬಾಗಿಲಾಚೆಯೇ ನಿಂತ.

"ಕೈಪಿಡಿ ತಪ್ಪು ಅಂತ ಯಾವಾಗ ಗೊತ್ತಾಯ್ತು?"

"ಅಪ್ಪನ ಚೀಟಿಗಳನ್ನ ಜೋಡಿಸುವಾಗ. ಎರಡು ತಿಂಗಳಾಯ್ತು."

"ಟೀಚರಮ್ಮನಿಗೆ ಹೇಳಿದ್ರಾ?"

"ಇಲ್ಲ."

"ಯಾಕೆ? ಅಡ್ಡಗೋಡೆ ಮೇಲೆ ದೀಪ ಇಡಬೇಡಿ, ಸರಿಯಾಗಿ ಹೇಳಿ."

ಡಾಕ್ಟರು ಮೇಲಿನ ದೀಪವನ್ನು ನೋಡಿದರು. "ಒಂಬತ್ತನೇ ಕ್ಲಾಸಲ್ಲಿ ಅವರು ನನ್ನನ್ನ ಫೇಲ್ ಮಾಡಿದ್ರು ಸಾರ್. ಎಲೆ ಗುರುತು ಹಿಡಿಯೋದ್ರಲ್ಲಿ. ಭಾನುವಾರ ಎಲ್ಲರ ಮುಂದೆ ತೋರಿಸಿದ್ರೆ ಶಭಾಷ್ ಅಂತಾರೆ ಅಂದುಕೊಂಡೆ." ಐವತ್ತು ದಾಟಿದ ಮನುಷ್ಯ ಇದನ್ನು ಹೇಳುವಾಗ ಕಿವಿ ಕೆಂಪಗೆ ಮಾಡಿಕೊಂಡರು.

ಚೀಟಿಯ ಕೆಳಗೆ ಅಂಟಿಸಲು ಅವರು ಒಂದು ಪಟ್ಟಿ ಬರೆದಿದ್ದರು. 'ಕೈಪಿಡಿಯ ಪುಟ ಅರವತ್ತೊಂದರಲ್ಲಿ ಇದನ್ನು ಹರಳು ಎಂದಿದೆ. ಅದು ತಪ್ಪು. ಇದು ಮರಗೆಣಸು.' ಅಂಟಿಸಿಕೊಡಿ ಎಂದು ಬುಧವಾರ ಕೊಟ್ಟದ್ದು ಚಿಮಟಜ್ಜನ ಕೈಗೆ.

"ಅವರು ಏನಂದ್ರು?"

"ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದ್ರು, ಪಟ್ಟಿಯನ್ನ ಜೇಬಿಗೆ ಹಾಕಿಕೊಂಡ್ರು." ಡಾಕ್ಟರು ತಡೆದು, "ಟೀಚರಮ್ಮನ ಯಜಮಾನರು ಅವರು" ಎಂದರು.

ಸಂಜೆ ಐದೂಕಾಲಿಗೆ ಠಾಣೆಯ ಮೇಜಿನ ಮೇಲೆ ಫ್ರೇಮಿನಿಂದ ತೆಗೆದ ಠಸ್ಸೆ ಚೀಟಿ, ಕೈಪಿಡಿ, ಭೂತಗನ್ನಡಿ ಮೂರೂ ಇದ್ದವು. ಮಹಿಳಾ ಕಾನ್ಸ್‌ಟೇಬಲ್ ಕೆಲಸಕ್ಕೆ ಸೇರುವ ಮುಂಚೆ ಹೊಲದಲ್ಲೇ ಬೆಳೆದವಳು. ಇನ್ಸ್‌ಪೆಕ್ಟರ್ ಅವಳ ಮುಂದೆ ಚೀಟಿ ಸರಿಸಿದರು.

"ಹರಳೋ, ಮರಗೆಣಸೋ?"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಹರಳೆಲೆ ಆದ್ರೆ ಅಂಚೆಲ್ಲ ಗರಗಸ. ದಂಟು ಬಂದು ಎಲೆಯ ಮಧ್ಯಕ್ಕೆ ಸೇರುತ್ತೆ, ಕೊಡೆಗೆ ಹಿಡಿ ಇದ್ದ ಹಾಗೆ. ಮರಗೆಣಸಿನ ಎಲೆ ಬುಡದವರೆಗೂ ಸೀಳಿರುತ್ತೆ, ಅಂಚು ನುಣ್ಣಗೆ, ದಂಟು ಬುಡದಲ್ಲೇ ನಿಲ್ಲುತ್ತೆ."

"ಇದರಲ್ಲಿ?"

"ದಂಟು ಮಧ್ಯಕ್ಕೆ ಹೋಗಿದೆ, ಅಂಚಲ್ಲಿ ಹಲ್ಲೂ ಇವೆ. ಹರಳೇ ಸಾರ್." ಅವಳು ಭೂತಗನ್ನಡಿ ತೆಗೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲ, ತಾಳಿ. ಮಧ್ಯಕ್ಕೆ ಹೋಗಿರೋದು ದಂಟಲ್ಲ. ಠಸ್ಸೆಯ ಗೆರೆ. ಅಂಚಲ್ಲಿರೋದೂ ಹಲ್ಲಲ್ಲ, ಶಾಯಿ ಚುಕ್ಕೆ. ಎಲೆ ಕಂದು, ಶಾಯಿ ಕಪ್ಪು. ಎರಡೂ ಬೆರೆತುಹೋಗಿವೆ. ಇದು ಮರಗೆಣಸೇ ಸಾರ್."

ಇನ್ಸ್‌ಪೆಕ್ಟರ್ ಕೈಪಿಡಿಯ ಅರವತ್ತೊಂದನೇ ಪುಟ ತೆರೆದು ಪಕ್ಕಕ್ಕಿಟ್ಟರು. ಅಚ್ಚಾದ ಚಿತ್ರದಲ್ಲಿಯೂ ಒಂದು ಠಸ್ಸೆ ಇತ್ತು. ಅದೇ ವಾಲಿದ ಅರ್ಧ ವೃತ್ತ, ಅದೇ ಮುರಿದ ಗೆರೆ, ಎಡ ಮೂಲೆಯಲ್ಲಿ ಅದೇ ಮೂರು ಚುಕ್ಕೆ. ಎರಡು ಚೀಟಿಗಳ ಮೇಲೆ ಒಂದೇ ರೀತಿ ಬೀಳಲು ಠಸ್ಸೆಗೆ ಸಾಧ್ಯವಿಲ್ಲ. ಒಂದೊಂದು ಸಲ ಒಂದೊಂದು ಕಡೆ ಬೀಳುತ್ತದೆ, ಬೆರಳಚ್ಚಿನಷ್ಟೇ ನಂಬಿಕೆಯ ಗುರುತು. ಪುಸ್ತಕ ಬರೆಯುವಾಗ ಟೀಚರಮ್ಮನ ಮೇಜಿನ ಮೇಲಿದ್ದ ಚೀಟಿಯೇ ಈಗ ಠಾಣೆಯ ಮೇಜಿನ ಮೇಲಿತ್ತು.

"ಅವರ ಮನೆಯಿಂದಲೇ ಬಂದಿದೆ" ಎಂದ ಹೆಡ್ ಕಾನ್ಸ್‌ಟೇಬಲ್. "ಗಂಡನೋ, ಹೆಂಡತಿಯೋ?"

"ನಾಳೆ ಕೇಳೋಣ" ಎಂದರು ಇನ್ಸ್‌ಪೆಕ್ಟರ್. ಇಡೀ ದಿನ ಖುಷಿಯಲ್ಲಿದ್ದವರಿಗೆ ಆ ಗಳಿಗೆಯಲ್ಲಿ ಮನಸ್ಸು ಸ್ವಲ್ಪ ಭಾರವಾಯಿತು. ಎಪ್ಪತ್ತೆಂಟು ವರ್ಷದ ಹೆಂಗಸಿನ ಮನೆಗೆ, ಅವರ ಪುಸ್ತಕದ ಬಿಡುಗಡೆಯ ಹಿಂದಿನ ದಿನ, ಅವರು ತಪ್ಪು ಮಾಡಿದ್ದಾರೆಂಬ ಸುದ್ದಿ ಹೊತ್ತು ಜೀಪಿನಲ್ಲಿ ಹೋಗಬೇಕಿತ್ತು.

ಶನಿವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬಾಗಿಲು ತೆರೆದ ಟೀಚರಮ್ಮ ಇನ್ಸ್‌ಪೆಕ್ಟರ್, ಹೆಡ್ ಕಾನ್ಸ್‌ಟೇಬಲ್ ಇಬ್ಬರ ಖಾಕಿ ಕಂಡು ಗಾಬರಿಯಾಗಲಿಲ್ಲ. "ಬನ್ನಿ ಬನ್ನಿ. ಯಾವ ಗಿಡ ತಂದಿದ್ದೀರಿ? ಯಾರ ಹಿತ್ತಲಲ್ಲಾದ್ರೂ ಬೆಳೀಬಾರದ್ದು ಬೆಳೆದಿದೆಯಾ?"

ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಅಗಲವಾದ ಮೇಜು. ಮೇಜಿನ ಮೇಲೆ ಒಣಗಿದ ಎಲೆಗಳ ಹಾಳೆ, ಬೀಜ ತುಂಬಿದ ಸಣ್ಣ ಶೀಶೆಗಳು, ನಾಳಿನ ಭಾಷಣದ ಎರಡು ಪುಟ. ಒಳಗೆ ಅಡುಗೆಮನೆಯಲ್ಲಿ ಚಿಮಟಜ್ಜ ಪಾತ್ರೆ ತೊಳೆಯುತ್ತಿದ್ದ ಸದ್ದು. ಬಂದವರು ಯಾರೆಂದು ಕೇಳದೆಯೇ ಅವರು ಅಲ್ಲಿಂದಲೇ, "ಟೀಚರ್, ಎಷ್ಟು ಲೋಟ ಕಾಫಿ?" ಎಂದರು.

"ಮೂರು" ಎಂದರು ಟೀಚರಮ್ಮ.

"ಅಮ್ಮಾ, ಕೈಪಿಡಿಯ ಅರವತ್ತೊಂದನೇ ಪುಟದ ಚೀಟಿ ಒಂದ್ಸಲ ನೋಡಬೇಕಿತ್ತು" ಎಂದರು ಇನ್ಸ್‌ಪೆಕ್ಟರ್.

ಅವರು ಕಪಾಟಿನಿಂದ ಆಲ್ಬಮ್ ಇಳಿಸಿ, ಸರಸರನೆ ಪುಟ ತಿರುಗಿಸಿ, ಒಂದು ಕಡೆ ನಿಲ್ಲಿಸಿದರು. ಅಲ್ಲಿ ಖಾಲಿ ಚೌಕ. ಕೆಳಗೆ ಅವರದೇ ದುಂಡು ಅಕ್ಷರದಲ್ಲಿ ಸಂಖ್ಯೆ.

"ರೀ, ಅರವತ್ತೊಂದು ಎಲ್ಲಿ?"

ಪಾತ್ರೆಯ ಸದ್ದು ನಿಂತಿತು. ಚಿಮಟಜ್ಜ ಟವೆಲಿನಲ್ಲಿ ಕೈ ಒರೆಸುತ್ತಾ ಬಂದು ಬಾಗಿಲಲ್ಲಿ ನಿಂತು, ಇನ್ಸ್‌ಪೆಕ್ಟರನ್ನು ನೋಡಿದರು, ಆಲ್ಬಮ್ ನೋಡಿದರು.

"ಟೀಚರ್, ನೀನು ಸ್ವಲ್ಪ ಕೂತ್ಕೋ."

"ಕೂತೇ ಇದ್ದೀನಿ."

"ಡಾಕ್ಟರ ಚೀಟಿ ತೆಗೆದದ್ದು ನಾನು ಸಾರ್" ಎಂದರು ಚಿಮಟಜ್ಜ. "ಗುರುವಾರ ಐದು ಗಂಟೆಗೆ. ಇವಳಿಗೆ ಏನೂ ಗೊತ್ತಿಲ್ಲ."

"ಎಲ್ಲಿದೆ?"

ಅವರು ಕಪಾಟಿನ ಮೇಲಿನ ದಪ್ಪ ನಿಘಂಟಿನೊಳಗಿಂದ ಪಾರದರ್ಶಕ ಕಾಗದದ ಒಂದು ಪೊಟ್ಟಣ ತೆಗೆದು, ಚಿಮಟದಿಂದ ಹಿಡಿದು ಮೇಜಿನ ಮೇಲಿಟ್ಟರು.

"ಹರಿದು ಒಲೆಗೆ ಹಾಕಿದ್ರೆ ಯಾರಿಗೂ ಸಿಗ್ತಿರಲಿಲ್ಲ" ಎಂದ ಹೆಡ್ ಕಾನ್ಸ್‌ಟೇಬಲ್.

ಚಿಮಟಜ್ಜ ಅವನನ್ನು ಕೊಲೆಗಾರನನ್ನು ನೋಡುವಂತೆ ನೋಡಿದರು. "ಹರಿಯೋದಾ? ಅಂಚೆ ಚೀಟಿನಾ?"

ಪ್ರಶ್ನೆಗಳು ಮುಂದುವರಿದವು. ಮೂವತ್ತೊಂದು ವರ್ಷದ ಹಿಂದೆ ಆ ಚಿತ್ರದ ಎರಡು ಚೀಟಿ ಅವರ ಕೈಗೆ ಬಂದಿದ್ದವು, ಒಂದು ಬಳಸದ್ದು, ಒಂದು ಠಸ್ಸೆಯದು. ಹೆಂಡತಿಯ ಪುಸ್ತಕಕ್ಕೆ ಅನಾನಸ್ ಚೀಟಿಯ ಕೊರತೆಯಿತ್ತು. ಬಳಸದ್ದನ್ನು ಡಾಕ್ಟರ ತಂದೆಗೆ ಕೊಟ್ಟು, ಅವರ ಬಳಿ ಎರಡಿದ್ದ, ಆಗಿನ್ನೂ ಅಂಥ ಬೆಲೆಯಿಲ್ಲದ ಅನಾನಸಿನಲ್ಲಿ ಒಂದನ್ನು ಬದಲಿಗೆ ತಂದರು. ಚಿತ್ರ ಒಂದೇ ತಾನೇ, ಗಿಡ ಗುರುತು ಹಿಡಿಯಲು ಠಸ್ಸೆಯದೇ ಸಾಕು ಎಂದು ಟೀಚರಮ್ಮನಿಗೆ ಅದನ್ನೇ ಕೊಟ್ಟರು. ಬುಧವಾರ ಡಾಕ್ಟರ ಪಟ್ಟಿ ಓದಿದಾಗಲೇ ತಾವು ಏನು ಮಾಡಿದ್ದೇವೆಂದು ಅವರಿಗೆ ಹೊಳೆದದ್ದು.

"ತಪ್ಪು ನನ್ನದು ಸಾರ್. ಹೆಸರು ಇವಳದ್ದು ಕೆಡ್ತಿತ್ತು. ಠಸ್ಸೆಯದನ್ನ ಇಟ್ರೆ ಗಿಡ ಹರಳಿನ ಹಾಗೇ ಕಾಣುತ್ತೆ ಅಂತ ಬದಲಾಯಿಸಿದೆ. ನಾಳೆ ಅಷ್ಟು ಜನರ ಮುಂದೆ..."

ಟೀಚರಮ್ಮ ಇದನ್ನೆಲ್ಲ ಕೇಳುತ್ತಿದ್ದರೋ ಇಲ್ಲವೋ. ಅವರು ಆಗಲೇ ಪೊಟ್ಟಣ ಹಿಡಿದು ಕಿಟಕಿಗೆ ಮುಖ ಮಾಡಿ, ಭೂತಗನ್ನಡಿಗೆ ಕಣ್ಣು ಹಚ್ಚಿದ್ದರು. ಇನ್ಸ್‌ಪೆಕ್ಟರ್ ಅವರ ಹೆಗಲನ್ನೇ ನೋಡುತ್ತಿದ್ದರು, ಎಲ್ಲಿ ಕುಸಿಯುತ್ತದೋ ಎಂದು. ಹೆಗಲು ಅಲುಗಾಡತೊಡಗಿತು. ತಿರುಗಿದಾಗ ಅವರು ನಗುತ್ತಿದ್ದರು.

"ಮರಗೆಣಸು. ದಂಟು ನೋಡಿ, ಬುಡದಲ್ಲೇ ನಿಂತಿದೆ. ಅಂಚು ಎಷ್ಟು ನುಣ್ಣಗಿದೆ. ಎಷ್ಟು ಚೆನ್ನಾಗಿ ಕೆತ್ತಿದ್ದಾನೆ ಪುಣ್ಯಾತ್ಮ. ಮೂವತ್ತು ವರ್ಷ ಇದನ್ನ ಹರಳು ಅಂತ ಕರೆದೆನಲ್ಲ." ಅವರು ಕಣ್ಣೊರೆಸಿಕೊಂಡರು. "ಯಾರು ಕಂಡುಹಿಡಿದದ್ದು? ಆ ಹಲ್ಲಿನ ಹುಡುಗನಾ? ಒಂಬತ್ತನೇ ಕ್ಲಾಸಲ್ಲಿ ಬೇವಿಗೂ ಕರಿಬೇವಿಗೂ ವ್ಯತ್ಯಾಸ ಗೊತ್ತಿರಲಿಲ್ಲ ಅವನಿಗೆ. ಭೇಷ್."

ಆಮೇಲೆ ಅವರು ಗಂಡನ ಕಡೆ ನೋಡಿದರು. ನಗು ಅಲ್ಲಿಗೆ ನಿಂತಿತು.

"ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿದೋಳು ನಾನು. ನನ್ನ ತಪ್ಪು ನಾನು ತಿದ್ದಿಕೊಳ್ಳಲ್ಲ ಅಂತ ಯಾರು ಹೇಳಿದ್ರು ನಿಮಗೆ?"

ಚಿಮಟಜ್ಜ ಟವೆಲನ್ನು ಮಡಚಿದರು, ಬಿಚ್ಚಿ ಮತ್ತೆ ಮಡಚಿದರು.

"ಗಿಡದ ಹೆಸರು ತಪ್ಪಾಗಿದ್ದಕ್ಕೆ ನನಗೇನೂ ಬೇಜಾರಿಲ್ಲ ರೀ. ಇಷ್ಟು ವರ್ಷ ಜೊತೆಗಿದ್ದು ನನ್ನನ್ನ ಅಷ್ಟು ಪುಕ್ಕಲಿ ಅಂದುಕೊಂಡ್ರಲ್ಲ, ಅದಕ್ಕೆ."

ಜಪ್ತಿ ಪಂಚನಾಮೆಗೆ ಪಕ್ಕದ ಮನೆಯ ಇಬ್ಬರನ್ನು ಕರೆಸಲಾಯಿತು. ಗಿಡ ಯಾವುದೆಂದು ತಜ್ಞರ ಅಭಿಪ್ರಾಯ ಬೇಕೆಂದಾಗ ಟೀಚರಮ್ಮ ತಾವೇ ಕಾಗದ ಎಳೆದುಕೊಂಡು, ತಮ್ಮ ಕೈಪಿಡಿಯ ಪುಟ ಅರವತ್ತೊಂದು ತಪ್ಪೆಂದು ನಾಲ್ಕು ಕಾರಣ ಕೊಟ್ಟು ಬರೆದು ಸಹಿ ಹಾಕಿದರು. ಅದನ್ನೇ ಇನ್ನೊಂದು ಹಾಳೆಗೆ ಇಳಿಸಿ, ಹೊಲಿಯುತ್ತಿರುವ ಪುಸ್ತಕಗಳಿಗೆಲ್ಲ ತಿದ್ದುಪಡಿ ಚೀಟಿ ಅಂಟಿಸಲು ಬೈಂಡರ್‌ಗೆ ಕೊಡಿ ಎಂದು ಹೆಡ್ ಕಾನ್ಸ್‌ಟೇಬಲ್ ಕೈಗಿಟ್ಟರು. ಕೆಳಗೆ, 'ತಪ್ಪು ತೋರಿಸಿದವರು ನನ್ನ ಹಳೆಯ ವಿದ್ಯಾರ್ಥಿ' ಎಂದಿತ್ತು.

ಆರೋಪಿಯ ದಸ್ತಗಿರಿ ಹನ್ನೊಂದು ಮೂವತ್ತೈದಕ್ಕೆ. ಜೀಪಿನ ಮುಂದಿನ ಸೀಟನ್ನು ಹೆಡ್ ಕಾನ್ಸ್‌ಟೇಬಲ್ ಬಿಟ್ಟುಕೊಟ್ಟ. ಹಿಂದೆ ಟೀಚರಮ್ಮ ಕೂತರು, ಯಾರೂ ಬೇಡವೆನ್ನಲಿಲ್ಲ.

ಠಾಣೆಯಲ್ಲಿ ಡಾಕ್ಟರು ಕಾದಿದ್ದರು. ಸುದ್ದಿ ಕೇಳಿ ಮುಖ ಸಪ್ಪೆಯಾಗಿತ್ತು. "ಕಂಪ್ಲೇಂಟ್ ವಾಪಸ್ ತಗೋತೀನಿ ಸಾರ್."

"ಎಫ್‌ಐಆರ್ ಆಗಿದೆ. ಸೋಮವಾರ ಕೋರ್ಟಿನಲ್ಲಿ ನೀವಿಬ್ಬರೂ ರಾಜಿ ಅಂತ ಹೇಳಿ, ಮ್ಯಾಜಿಸ್ಟ್ರೇಟರು ಕೇಳ್ತಾರೆ. ಇವತ್ತು ಜಾಮೀನಿನ ಮೇಲೆ ಬಿಡ್ತೀನಿ."

ಜಾಮೀನುದಾರರಾಗಿ ಟೀಚರಮ್ಮ ಸಹಿ ಹಾಕಿದರು. ಆರೋಪಿ ಎಲ್ಲಿಗೂ ತಪ್ಪಿಸಿಕೊಂಡು ಹೋಗದಂತೆ ನೋಡಿಕೊಳ್ಳುತ್ತೀರಾ ಎಂದು ನಿಯಮದಂತೆ ಕೇಳಬೇಕಿತ್ತು, ಇನ್ಸ್‌ಪೆಕ್ಟರ್ ಕೇಳಿದರು.

"ಐವತ್ತೆರಡು ವರ್ಷದಿಂದ ಅದೇ ಕೆಲಸ" ಎಂದರು ಅವರು.

ಹೇಳಿಕೆ ಬರೆದುಕೊಳ್ಳುವಾಗ, ಯಾಕೆ ಮಾಡಿದಿರಿ ಎಂಬ ಕೊನೆಯ ಪ್ರಶ್ನೆಗೆ ಚಿಮಟಜ್ಜ ಹೆಂಡತಿಯ ಕಡೆ ನೋಡಿದರು. "ಇವಳ ಮುಖ ಸಣ್ಣಗಾಗಿದ್ದನ್ನ ನಾನು ಹೆಚ್ಚು ಸಲ ನೋಡಿಲ್ಲ ಸಾರ್. ಈ ವಯಸ್ಸಲ್ಲಿ ನೋಡೋ ಧೈರ್ಯ ಬರಲಿಲ್ಲ." ಅಷ್ಟೇ ಹೇಳಿದರು.

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಬರೆಯುವ ಕಡೆ ಇನ್ಸ್‌ಪೆಕ್ಟರ್ ದುರಾಸೆ, ದ್ವೇಷ ಎಂದೆಲ್ಲ ಸಾವಿರ ಸಲ ಬರೆದಿದ್ದರು. ಈ ಸಲ, 'ಹೆಂಡತಿಗೆ ನೋವಾಗಬಾರದೆಂದು' ಎಂದು ಬರೆದರು. ಹೆಡ್ ಕಾನ್ಸ್‌ಟೇಬಲ್ ಹೆಗಲ ಮೇಲಿಂದ ಓದಿದ.

"ಹೀಗೆ ಬರೀಬಹುದಾ ಸಾರ್?"

"ನಡೆದದ್ದು ಅದೇ ತಾನೆ."

ಒಂದು ಗಂಟೆಗೆ ಗಂಡ ಹೆಂಡತಿ ಹೊರಟರು. ಇನ್ಸ್‌ಪೆಕ್ಟರ್ ಬಾಗಿಲವರೆಗೂ ಹೋದರು. ಮೆಟ್ಟಿಲಿಳಿಯುವಾಗ ಟೀಚರಮ್ಮ ಗಂಡನ ತೋಳು ಹಿಡಿದಿದ್ದರು, ಮುಖ ಮಾತ್ರ ಇನ್ನೂ ಬಿಗಿ.

"ಇನ್ನೂ ಏನೇನು ಮುಚ್ಚಿಟ್ಟಿದ್ದೀರಿ? ಇವತ್ತೇ ಎಲ್ಲ ಹೇಳಿಬಿಡಿ."

ಚಿಮಟಜ್ಜ ಎರಡು ಮೆಟ್ಟಿಲು ಇಳಿದರು. ಮೂರನೆಯದರ ಮೇಲೆ ನಿಂತರು.

"ಪುಟ ತೊಂಬತ್ತನಾಲ್ಕು" ಎಂದರು ಮೆಲ್ಲಗೆ.

"ಹಲಸಾ?"

"ಹಲಸಿನ ಎಲೆ ಸೀಳಿರಲ್ಲ ಅಂತ ನೀನೇ ಹೇಳ್ತಿದ್ದೆ. ಆ ಚೀಟೀಲಿ ಒಂದೊಂದು ಎಲೆಯೂ ಸೀಳಿದೆ ಟೀಚರ್. ಅದು ಹಲಸಲ್ಲ, ದೀವಿ ಹಲಸು ಅಂತ ನನಗೆ ಹನ್ನೊಂದು ವರ್ಷದಿಂದ ಅನುಮಾನ."

ಟೀಚರಮ್ಮ ನಿಂತಲ್ಲೇ ಅವರನ್ನು ದಿಟ್ಟಿಸಿದರು. ಹನ್ನೊಂದು ವರ್ಷ, ಎಂದು ಬಾಯಲ್ಲೇ ಒಂದು ಸಲ ಹೇಳಿಕೊಂಡರು. ಬಿಗಿದ ಮುಖ ನಿಧಾನವಾಗಿ ಸಡಿಲಾಯಿತು.

"ನಡೀರಿ ಬೇಗ, ಬೆಳಕಿರುವಾಗಲೇ ನೋಡೋಣ" ಎಂದು ಅವರು ಗಂಡನ ತೋಳು ಎಳೆದರು, ಮತ್ತು ಇಬ್ಬರೂ ಆ ಮಟಮಟ ಮಧ್ಯಾಹ್ನದಲ್ಲಿ ಬೀದಿಯನ್ನು ದಾಟಿ, ಬಸ್ಸಿಗೂ ಕಾಯದೆ, ನಡೆದೇ ಹೊರಟರು.